ಗಂಟೆಯ ಕಟ್ಟಳೆ

ನದಿ ದಂಡೆಯ ಆ ಆಶ್ರಮದಲ್ಲಿ ಮಧ್ಯಾಹ್ನದ ಊಟಕ್ಕೆ ಗಂಟೆ ಹೊಡೆಯುವ ಕೆಲಸ ಗುರುಪಾದನದು. ಅದಕ್ಕೊಂದು ಕಟ್ಟಳೆಯಿತ್ತು. ಹೊಡೆಯುವವನು ಮೊದಲು ಅಡುಗೆಮನೆಗೆ ಹೋಗಿ, ಅನ್ನದ ಅಗುಳು ಹಿಚುಕಿ ನೋಡಿ ಬರಬೇಕು. ಬೆಂದಿದೆಯೆಂದು ಅಡುಗೆಯವರು ಆಣೆ ಮಾಡಿದರೂ ಗುರುಪಾದ ನೋಡದೆ ಹಗ್ಗ ಮುಟ್ಟಿದವನಲ್ಲ. ಆ ಬಗ್ಗೆ ಅವನಿಗೆ ತುಸು ಜಂಬವೂ ಇತ್ತು.

ಆಶ್ರಮದ ಮೊಬೈಲೂ ಅವನ ಕೈಯಲ್ಲೇ. ಪ್ರವಚನ, ದಾಸೋಹದ ಸುದ್ದಿಯನ್ನು ಸುತ್ತಲ ಊರುಗಳಿಗೆ ವಾಟ್ಸಾಪಿನಲ್ಲಿ ಕಳಿಸುವವನು ಅವನೇ. ಒಂದು ದಿನ ಭಕ್ತರೊಬ್ಬರಿಂದ ಒಂದು ಫೋಟೋ ಬಂತು. ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡ ಮನುಷ್ಯ, ಸುತ್ತ ಮಕ್ಕಳು. ಇವನು ಮಕ್ಕಳ ಕಳ್ಳ, ಕೂಡಲೇ ಎಲ್ಲರಿಗೂ ತಿಳಿಸಿ ಎಂದು ಕೆಳಗೆ ಬರೆದಿತ್ತು. ಗುರುಪಾದ ಗಾಬರಿಯಾದ. ಹಿಂದೆಮುಂದೆ ನೋಡದೆ ಎಲ್ಲ ಊರಿಗೂ ಕಳಿಸಿಬಿಟ್ಟ.

ಕೆಲವು ದಿನಗಳ ಮೇಲೆ ಆಚೆ ದಡದವರು ಆ ಮನುಷ್ಯನನ್ನೇ ಆಶ್ರಮಕ್ಕೆ ಕರೆತಂದರು. ಊರೂರು ತಿರುಗಿ ಗಿರಗಿಟ್ಲೆ, ಪೀಪಿ ಮಾರುವ ಯಮನೂರಪ್ಪ. ಕಳ್ಳನೆಂದು ಕಟ್ಟಿಹಾಕಿ ಹೊಡೆದಿದ್ದರು. ಆಮೇಲೆ ಚೀಲ ಬಿಚ್ಚಿದರೆ ಇದ್ದದ್ದು ಆಟಿಕೆ ಸಾಮಾನು. ಆಸ್ಪತ್ರೆಯಲ್ಲಿ ಎರಡೂ ಕೈಗೆ ಪಟ್ಟಿ ಹಾಕಿದ್ದರು. ನೋಡಿಕೊಳ್ಳಲು ಅವನಿಗೆ ಯಾರೂ ಇರಲಿಲ್ಲ. ಸುದ್ದಿ ಆಶ್ರಮದಿಂದಲೇ ಬಂದಿತ್ತು, ಅದಕ್ಕೇ ನಂಬಿದೆವು ಎಂದು ಕರೆತಂದವರು ಗುರುಗಳೆದುರು ತಲೆ ತಗ್ಗಿಸಿದರು.

ಗುರುಪಾದ ಕಂಬದ ಮರೆಗೆ ಸರಿದ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದ.

ಸಂಜೆ ಗುರುಗಳ ಮುಂದೆ ಕೂತು ಎಲ್ಲವನ್ನೂ ಹೇಳಿದ. ಆ ಮೆಸೇಜು ಅಳಿಸಿದ್ದೇನೆ, ತಪ್ಪಾಯಿತೆಂದು ಎಲ್ಲರಿಗೂ ಬರೆದಿದ್ದೇನೆ ಎಂದ. ಒಳ್ಳೆಯದಕ್ಕೆಂದೇ ಕಳಿಸಿದ್ದೆ ಎಂಬುದನ್ನೂ ಸೇರಿಸಿದ.

ಗುರುಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಅವನನ್ನೇ ನೋಡಿ ಕೇಳಿದರು.

“ಅಡಿಗಿ ಆಗೇತಿ ಅಂತ ಯಾರರ ಹೇಳಿದ್ರ ಗಂಟಿ ಹೊಡೀತಿಯೇನು?”

“ಇಲ್ರಿ. ಹೋಗಿ ನೋಡ್ತೀನ್ರಿ.”

“ಯಾಕ?”

“ಗಂಟಿ ಕೇಳಿದ್ರ ಮಂದಿ ಎದ್ದು ಬಂದಬಿಡ್ತಾರ್ರಿ. ಅವರೇನು ಒಳಗ ಹೋಗಿ ನೋಡೂದಿಲ್ಲ. ನನ್ನ ನಂಬಿ…”

ಅವನ ಕಣ್ಣು ಕೈಯಲ್ಲಿದ್ದ ಮೊಬೈಲಿನ ಮೇಲೆ ಬಿತ್ತು. ಅಜ್ಜಾರು ಎದ್ದು ಹೋದರು.

ಮರುದಿನ ಗುರುಪಾದ ಅಗುಳು ಹಿಚುಕಿ ನೋಡಿ ಬಂದು ಹಗ್ಗ ಹಿಡಿದ. ಎಳೆಯಲಾಗಲಿಲ್ಲ. ಜಗಲಿಯ ಮೇಲೆ ಯಮನೂರಪ್ಪ ಗೋಡೆಗೊರಗಿ ಕೂತಿದ್ದ. ಗುರುಪಾದ ಅತ್ತ ಬೆನ್ನು ಮಾಡಿ ನಿಂತ. ಊಟದ ಹೊತ್ತು ಮೀರಿದ್ದು ಕಂಡು ಅಜ್ಜಾರು ಬಂದರು.

“ಈ ಕೆಲಸ ಬ್ಯಾರೆಯವರಿಗೆ ಕೊಡ್ರಿ ಅಜ್ಜಾರ. ಕಳಿಸಿದಂವ ನಾನ ಅಂತ ಅಂವಗ ಇನ್ನೂ ಗೊತ್ತಿಲ್ರಿ.”

ಅಜ್ಜಾರು ಅವನ ಕೈಯಿಂದ ಹಗ್ಗ ಬಿಡಿಸಿದರು. ಒಳಗೆ ಹೋಗಿ ಒಂದು ತಟ್ಟೆ ಅನ್ನ ತಂದು ಅದೇ ಕೈಗಿಟ್ಟರು.

“ಅಂವನ ಕೈ ಏಳೂದಿಲ್ಲ. ಹೋಗಿ ಉಣಸು. ಉಣಸೂಕಿಂತ ಮೊದಲ ಹೇಳು.”

“ಹೇಳಿದ ಮ್ಯಾಲೆ ನನ್ನ ಕೈಲೆ ಉಣ್ಣಾಕ ಒಲ್ಲೆ ಅಂದ್ರ?”

“ಅನ್ನ ಬೆಂದದ್ದು ನೋಡಿ ಬಂದಿ. ಅವನ ಮುಖ ಇನ್ನೂ ನೋಡಿಲ್ಲ. ನೋಡಿ ಬಾ, ಗಂಟಿ ಕಾಯ್ತೈತಿ.”