ಸೊಪ್ಪು ಮಾರುವವಳ ಕಾಲು

“ಸರ್, ಮುನ್ನೂರು ಜನರಲ್ಲಿ ಹತ್ತು ಮಂದಿಯನ್ನು ಆರಿಸಿ ಆನರ್ಸ್ ವಿಭಾಗಕ್ಕೆ ತೆಗೆದುಕೊಂಡಿದ್ದೀರಿ. ಆರಿಸಿದ ಮೇಲೆ ನಮ್ಮನ್ನು ಒಂದು ವರ್ಷ ಕೈಕೆಲಸಕ್ಕೆ ಕಳಿಸುವುದೇಕೆ? ಅದನ್ನು ಕಲಿಯುವುದಕ್ಕೆ ಆನರ್ಸ್ ಬೇಕಿತ್ತೇ?” ಎಂದು ಇಂದುಧರ ಕೇಳಿದ.

ಹಾಲಸ್ವಾಮಿ ಮೇಷ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆನರ್ಸ್ ವಿಭಾಗ ಅವರ ಕೈಗೆ ಬಂದು ಒಂಬತ್ತು ವರ್ಷವಾಗಿತ್ತು. ಪ್ರತಿ ವರ್ಷವೂ ಯಾರಾದರೊಬ್ಬರು ಬಂದು ಇದನ್ನೇ ಕೇಳುತ್ತಿದ್ದರು.

“ಕೂತುಕೋ,” ಎಂದರು. “ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಈ ಸಲ ಉತ್ತರ ಹೇಳುವುದಿಲ್ಲ. ನಡೆದದ್ದೊಂದನ್ನು ಹೇಳುತ್ತೇನೆ.”

ಒಂದು ವಿಶ್ವವಿದ್ಯಾಲಯದಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಭೌತಶಾಸ್ತ್ರದಲ್ಲಿ ಆನರ್ಸ್ ಓದುತ್ತಿದ್ದ. ತರಗತಿಗೆ ಮೊದಲಿಗ. ಅವನನ್ನು ಕೃತಕ ಕಾಲು ತಯಾರಿಸುವ ಕಾರ್ಯಾಗಾರವೊಂದಕ್ಕೆ ಒಂದು ವರ್ಷದ ಮಟ್ಟಿಗೆ ಕಳಿಸಿದರು. ಅಲ್ಲಿ ಒಬ್ಬ ಹಳೆಯ ಕೆಲಸಗಾರನಿದ್ದ. ಏಳನೆಯ ತರಗತಿಗೆ ಶಾಲೆ ಬಿಟ್ಟವನು. ವಿದ್ಯಾರ್ಥಿ ಅವನ ಕೈಕೆಳಗೆ ದುಡಿಯಬೇಕಿತ್ತು.

ವಿದ್ಯಾರ್ಥಿಗೆ ಇದು ಅವಮಾನವೆನಿಸಿತು. ಆದರೂ ಹೋದ. ಕೆಲಸಗಾರ ಹೇಳಿದ ಪ್ರತಿಯೊಂದು ಮಾತನ್ನೂ ದಪ್ಪ ಪುಸ್ತಕದಲ್ಲಿ ಬರೆದುಕೊಂಡ. ಮೂರು ತಿಂಗಳಲ್ಲಿ ಪುಸ್ತಕ ತುಂಬಿತು. ಇನ್ನು ತಾನೇ ಒಂದು ಕಾಲು ಮಾಡುತ್ತೇನೆ ಎಂದ. ಕೆಲಸಗಾರ ಬೇಡವೆನ್ನಲಿಲ್ಲ.

ಆ ವಾರ ಒಬ್ಬ ಸೊಪ್ಪು ಮಾರುವ ಹೆಂಗಸು ಬಂದಳು. ಲಾರಿಯ ಕೆಳಗೆ ಸಿಕ್ಕಿ ಅವಳ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಹಾಕಿಕೊಂಡಿದ್ದ ಕೃತಕ ಕಾಲು ಹಳೆಯದಾಗಿ ಬಿರುಕು ಬಿಟ್ಟಿತ್ತು. ವಿದ್ಯಾರ್ಥಿ ಅಳತೆ ತೆಗೆದ, ಅಚ್ಚು ತೆಗೆದ, ಹೊಸ ಕಾಲು ಮಾಡಿದ. ಹಗುರವಾಗಿತ್ತು, ನುಣ್ಣಗಿತ್ತು. ಅವಳು ಬೆಳಿಗ್ಗೆ ಬಂದು ಹಾಕಿಕೊಂಡು ಅಂಗಳದಲ್ಲಿ ನಾಲ್ಕು ಸುತ್ತು ನಡೆದಳು. ಎಲ್ಲೂ ಒತ್ತಲಿಲ್ಲ. ಸಂತೋಷದಿಂದ ಹೋದಳು.

ನಾಲ್ಕು ದಿನಕ್ಕೆ, ಬೆಳಿಗ್ಗೆ ಬೀದಿಗೆ ಹೊರಡುವ ಮೊದಲೇ ತಿರುಗಿ ಬಂದಳು. ನೋಯುತ್ತದೆ ಎಂದಳು. ವಿದ್ಯಾರ್ಥಿ ಮತ್ತೆ ಅಳೆದ. ಅಳತೆ ಸರಿಯಿತ್ತು. ಕಳಿಸಿದ. ಮರುವಾರ ಮತ್ತೆ ಬೆಳಿಗ್ಗೆಯೇ ಬಂದಳು. ಮತ್ತೆ ಅಳೆದು ಕಳಿಸಿದ. ಮೂರನೆಯ ಸಲ ಬಂದಾಗ ಮೊಂಡುಗಾಲಿನ ತುದಿಯಲ್ಲಿ ಚರ್ಮ ಕಿತ್ತು ಗಾಯವಾಗಿತ್ತು.

“ನನ್ನ ಬೀದಿಗಳಲ್ಲಿ ಮೂರನ್ನು ಬಿಟ್ಟೆ. ಅಲ್ಲಿಗೆ ಈಗ ಬೇರೊಬ್ಬಳು ಸೊಪ್ಪು ತರುತ್ತಾಳೆ. ಉಳಿದದ್ದೂ ಹೋದರೆ ನಾನು ಮನೆಯಲ್ಲಿ ಕೂರಬೇಕು,” ಎಂದಳು.

“ಅಳತೆಯಲ್ಲಿ ಏನೂ ತಪ್ಪಿಲ್ಲಮ್ಮ. ಇಲ್ಲಿ ನಡೆದು ತೋರಿಸಿದಿರಲ್ಲ, ಆಗ ನೋಯಲಿಲ್ಲ.”

“ಇಲ್ಲಿ ನಾನು ಸೊಪ್ಪು ಮಾರುವುದಿಲ್ಲವಲ್ಲಪ್ಪ.”

ವಿದ್ಯಾರ್ಥಿಗೆ ರೇಗಿತು. ಪುಸ್ತಕ ತೆರೆದು ಅಂಕಿಗಳನ್ನು ಓದಿ ಹೇಳತೊಡಗಿದ. ಕೆಲಸಗಾರ ಅಚ್ಚು ಉಜ್ಜುತ್ತಿದ್ದ ಅರವನ್ನು ಹಲಗೆಯ ಮೇಲೆ ಎಸೆದು ಎದ್ದು ಬಂದ. ಗಾಯವನ್ನು ನೋಡಿದ. “ಇದು ಮಾಯಲಿ. ಮಾಯ್ದ ಮೇಲೆ ಒಂದು ದಿನ ಇವಳ ಹಿಂದೆ ನಡೆ. ಪುಸ್ತಕ ಇಲ್ಲೇ ಇರಲಿ,” ಎಂದ.

ಗಾಯ ಮಾಯಲು ಹನ್ನೆರಡು ದಿನ ಹಿಡಿಯಿತು. ಹದಿಮೂರನೆಯ ದಿನ ಬೆಳಿಗ್ಗೆ ಆರಕ್ಕೆ ವಿದ್ಯಾರ್ಥಿ ಅವಳ ಜೊತೆ ಹೊರಟ. ಕಾಲು ಹಾಕಿಕೊಳ್ಳುವಾಗ ಮುಟ್ಟಿ ನೋಡಿದ. ಬೆರಳು ತೂರದಷ್ಟು ಬಿಗಿಯಾಗಿತ್ತು. ಅವಳು ಬುಟ್ಟಿ ಹೊತ್ತು ಬೀದಿ ಬೀದಿ ಕೂಗಿಕೊಂಡು ನಡೆದಳು. ಮೆಟ್ಟಿಲು ಹತ್ತಿದಳು, ಇಳಿದಳು. ದಂಟು ಕೇಳಿದವರಿಗೆ ದಂಟು, ಮೆಂತ್ಯ ಕೇಳಿದವರಿಗೆ ಮೆಂತ್ಯ ಕೊಟ್ಟಳು. ಒಂಬತ್ತರವರೆಗೆ ತೊಂದರೆಯಿರಲಿಲ್ಲ. ಹತ್ತರ ಹೊತ್ತಿಗೆ ಹೆಜ್ಜೆ ನಿಧಾನವಾಯಿತು. ಹನ್ನೊಂದಕ್ಕೆ ಒಂದು ಮನೆಯ ಜಗಲಿಯ ಮೇಲೆ ಕುಳಿತು, ತುಟಿ ಕಚ್ಚಿಕೊಂಡಳು.

ವಿದ್ಯಾರ್ಥಿ ನೆಲಕ್ಕೆ ಕುಳಿತು ಕೃತಕ ಕಾಲಿನ ಬಾಯಿಯೊಳಗೆ ಬೆರಳು ಹಾಕಿದ. ಬೆರಳು ಸಲೀಸಾಗಿ ಹೋಯಿತು. ನಡೆದು ನಡೆದು ಮೊಂಡುಗಾಲು ಸಣ್ಣದಾಗಿತ್ತು. ಸಣ್ಣದಾದದ್ದು ಒಳಗೆ ಜಾರಿ, ಮೂಳೆಯ ತುದಿ ತಳಕ್ಕೆ ಬಡಿಯುತ್ತಿತ್ತು. ಪ್ರತಿ ಹೆಜ್ಜೆಗೂ ಬಡಿಯುತ್ತಿತ್ತು. ಇಷ್ಟು ದಿನವೂ ಬಡಿದಿತ್ತು.

ಅವನು ಶೂ ಬಿಚ್ಚಿ ತನ್ನ ಕಾಲುಚೀಲವನ್ನು ಕಳಚಿದ.

“ಒಗೆದದ್ದೇನಪ್ಪ?” ಎಂದಳು ಅವಳು.

“ನಿನ್ನೆ ಒಗೆದದ್ದು.”

ಅದನ್ನು ಮೊಂಡುಗಾಲಿಗೆ ಏರಿಸಿ, ಮೇಲೆ ಕೃತಕ ಕಾಲನ್ನು ಕೂರಿಸಿದ. ಅವಳು ಎದ್ದಳು. ಎರಡು ಹೆಜ್ಜೆ ಇಟ್ಟು ನಿಂತಳು. ಮತ್ತೆ ಎರಡು ಹೆಜ್ಜೆ ಇಟ್ಟಳು. ಆಮೇಲೆ ಬುಟ್ಟಿಯನ್ನು ತಲೆಗೇರಿಸಿ, ತಾನು ಬಿಟ್ಟಿದ್ದ ಬೀದಿಯ ಕಡೆಗೆ ತಿರುಗಿ, ಸೊಪ್ಪು ಸೊಪ್ಪು ಎಂದು ಕೂಗಿದಳು.

ವಿದ್ಯಾರ್ಥಿ ನೇರವಾಗಿ ಕಾರ್ಯಾಗಾರಕ್ಕೆ ಬಂದ. “ನಿಮಗೆ ಇದು ಗೊತ್ತಿತ್ತು. ನನಗೇಕೆ ಹೇಳಲಿಲ್ಲ?” ಎಂದು ಸಿಟ್ಟಿನಿಂದ ಕೇಳಿದ.

“ಎರಡು ಸಲ ಹೇಳಿದೆ,” ಎಂದ ಕೆಲಸಗಾರ. “ಎರಡು ಸಲವೂ ನೀನು ಬರೆದುಕೊಂಡೆ. ಮೂರನೆಯ ಸಲ ಹೇಳುವ ತಾಳ್ಮೆ ನನಗಿರಲಿಲ್ಲ.”

ವಿದ್ಯಾರ್ಥಿ ಪುಸ್ತಕ ತೆರೆದ. ಎರಡು ಕಡೆ ಅವನದೇ ಅಕ್ಷರದಲ್ಲಿ ಅದಿತ್ತು. ಒಂದು ಕಡೆ ಕೆಳಗೆ ಗೆರೆಯನ್ನೂ ಎಳೆದಿದ್ದ.

ಆಮೇಲೆ ಅವನು ಆ ಪುಸ್ತಕವನ್ನು ಕಾರ್ಯಾಗಾರಕ್ಕೆ ತರಲಿಲ್ಲ. ವರ್ಷ ಮುಗಿಯುವುದರೊಳಗೆ ಇನ್ನೂ ಹನ್ನೊಂದು ಕಾಲು ಮಾಡಿದ. ಹಾಕಿಕೊಂಡ ಹನ್ನೊಂದು ಮಂದಿಯ ಹಿಂದೆಯೂ ಒಂದೊಂದು ದಿನ ನಡೆದ.

ಕೊನೆಗೆ ವರದಿ ಕೊಡಬೇಕಾಗಿ ಬಂತು. ನೂರು ಪುಟ ಇರಬೇಕೆಂಬುದು ನಿಯಮ. ಅವನು ಒಂದು ಪುಟ ಕೊಟ್ಟ. ಅದರಲ್ಲಿ ಮೂರು ಸಾಲು. ‘ಬೆಳಿಗ್ಗೆಯ ಕಾಲು ಬೇರೆ, ಮಧ್ಯಾಹ್ನದ ಕಾಲು ಬೇರೆ. ಎರಡು ಹೊತ್ತಿನಲ್ಲೂ ಮುಟ್ಟಿ ನೋಡದೆ ಯಾರಿಗೂ ಕಾಲು ಕೊಡಬಾರದು. ಮಿಕ್ಕಿದ್ದನ್ನು ಬರೆದು ತೋರಿಸಲು ನನಗೆ ಬರುವುದಿಲ್ಲ, ಕಾರ್ಯಾಗಾರಕ್ಕೆ ಬಂದರೆ ಮಾಡಿ ತೋರಿಸುತ್ತೇನೆ.’

ಪರೀಕ್ಷಕ ಅದಕ್ಕೆ ಸೊನ್ನೆ ಹಾಕಿದ. ಬೇರೊಂದು ಕಾರ್ಯಾಗಾರಕ್ಕೆ ನಾಲ್ಕೇ ದಿನ ಹೋಗಿ, ಬಣ್ಣದ ಚಿತ್ರಗಳಿದ್ದ ನೂರ ನಲವತ್ತು ಪುಟ ಕೊಟ್ಟವನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂತು.

ವಿದ್ಯಾರ್ಥಿ ಪರೀಕ್ಷಕನ ಕೋಣೆಗೆ ಹೋದ. ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಹೇಳಿದ. ಒಂದೇ ಒಂದು ಸಲ ಬಂದು ನೋಡಿ ಎಂದು ಬೇಡಿಕೊಂಡ. ಪರೀಕ್ಷಕ ನಿಯಮದ ಹಾಳೆಯನ್ನು ಅವನ ಕಡೆಗೆ ತಿರುಗಿಸಿ, ನೂರು ಪುಟ ಎಂಬ ಮಾತನ್ನು ಬೆರಳಿಟ್ಟು ತೋರಿಸಿದ. ವಿದ್ಯಾರ್ಥಿ ಹೊರಟುಹೋದ. ಆನರ್ಸ್ ತಪ್ಪಿತು. ಸಾಮಾನ್ಯ ಪದವಿ ತೆಗೆದುಕೊಂಡು ಅದೇ ಕಾರ್ಯಾಗಾರಕ್ಕೆ ಸೇರಿದ. ಈಗಲೂ ಅಲ್ಲಿಯೇ ಇದ್ದಾನೆ.

ಮೇಷ್ಟರು ಕನ್ನಡಕವನ್ನು ಒರೆಸತೊಡಗಿದರು. ಇಂದುಧರನಿಗೆ ತಡೆಯಲಾಗಲಿಲ್ಲ.

“ಅಷ್ಟೆಲ್ಲ ಬಿಡಿಸಿ ಹೇಳಿದರೂ ತಲೆಗೆ ಹೋಗದ ಆ ಪರೀಕ್ಷಕ ಎಂಥವನು ಸರ್? ಅವನನ್ನು ಆ ಜಾಗದಲ್ಲಿ ಕೂರಿಸಿದವರು ಯಾರು?”

“ಅವನು ನಾನೇ,” ಎಂದರು ಮೇಷ್ಟರು, “ನಾನು ಓದಿದ ಆನರ್ಸ್‌ನಲ್ಲಿ ಕೈಕೆಲಸ ಇರಲಿಲ್ಲ.”