ಬೇಲಿಯಿಲ್ಲದ ನಾಲ್ಕನೆಯ ಗೆರೆ

ಹೇಮಗಿರಿ ರಾಜ್ಯದಲ್ಲಿ ಹಿಂದೆಂದೂ ಕಾಣದ ಅನಾಹುತವೊಂದು ನಡೆಯಿತು. ಅರಮನೆಯ ಮುಕ್ಕೋನದ ಪಾತಿಗೆ, ಚದರ ಮಾರಿಗೊಂದರಂತೆ, ಅರವತ್ತು ಚೆಂಡುಹೂವಿನ ಸಸಿ ತರಿಸಿದ್ದರು; ಹನ್ನೆರಡು ಮಿಕ್ಕವು. ಕೂಡಲೇ ಡಂಗುರ ಹೊಡೆಸಿದರು: "ಮುಕ್ಕೋನದ ಬಗ್ಗೆ ದೊರೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಸಂಜೆಗೆ ಹೋಗುತ್ತದೆ."

ಪಾತಿ ಅಳೆದವರು ಅಧಿಕಾರಿ ಅಚ್ಚಪ್ಪಯ್ಯ. ಹಗ್ಗದ ತುದಿ ಹಿಡಿದವನು ಆಳು ಸಿಂಗಣ್ಣ. ಪೈರು ತುಳಿಯಬಾರದೆಂಬ ಪದ್ಧತಿಯಿಂದ ಅವರು ಹೊಲದೊಳಗೆ ಕಾಲಿಡದೆ ಬೇಲಿಗುಂಟವೇ ಹಗ್ಗ ಎಳೆಯುತ್ತಿದ್ದರು. ಬುಡದ ಬೇಲಿಯನ್ನು ಓರೆ ಬೇಲಿಯಿಂದ ಗುಣಿಸಿ ಅರ್ಧ ಮಾಡಿದರೆ ಮುಕ್ಕೋನದ ಅಳತೆ ಮುಗಿಯಿತು. ಇದು ತಪ್ಪೆಂದು ಸಿಂಗಣ್ಣನಿಗೆ ಏಳು ವರ್ಷದ ಹಿಂದೆಯೇ ಹೊಳೆದಿತ್ತು. ಹೇಳಿರಲಿಲ್ಲ. ಆಮೇಲೆ ನೆರೆಮನೆಯ ನಂಜವ್ವ ತನ್ನ ಆರುನೂರು ಚದರ ಮಾರಿನ ನಾಲ್ಕು ಮೂಲೆಯ ಹೊಲವನ್ನು ಅರಮನೆಗೆ ಬಿಟ್ಟುಕೊಟ್ಟು, ಬದಲಿಗೆ ಅದೇ ಹಗ್ಗದಲ್ಲಿ ಆರುನೂರೆಂದು ಅಳೆದ ಮುಕ್ಕೋನದ ಹೊಲ ಪಡೆದಳು. "ಅಳೆಯುವಾಗ ನೀನಿದ್ದೆಯಲ್ಲ ಮಗಾ, ಅದಕ್ಕೇ ಮೋಸವಾಗಲಿಲ್ಲ" ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದಳು.

ಆಸ್ಥಾನದಲ್ಲಿ ದೊರೆ ಕೇಳಿದ: "ನಾನು ಮುಕ್ಕೋನ. ನನ್ನಂಥದೇ ಇನ್ನೊಂದು ತಲೆಕೆಳಗಾಗಿ ನನಗೆ ಒತ್ತಿಕೊಂಡರೆ ನಾಲ್ಕು ಬದಿಯ ತುಂಡು. ಅದರಲ್ಲಿ ನನ್ನ ಪಾಲೆಷ್ಟು?"

"ಹಿರಿಯವನಿಗೆ ಮುಕ್ಕಾಲು" ಎಂದ ಪಕ್ಕದ ರಾಜ್ಯದ ಯುವರಾಜ. ಅವನನ್ನು ಕರೆದೊಯ್ದರು.

ಆಸ್ಥಾನ ಪಂಡಿತರು ಅದನ್ನು ದಾಟಿದರು. ದೊರೆಯ ಎರಡನೆಯ ಒಗಟು: "ನನ್ನ ಬುಡ ಕದಲದು. ನೆತ್ತಿ ಅದೇ ಎತ್ತರದಲ್ಲಿ ಪಕ್ಕಕ್ಕೆ ಜಾರುತ್ತ ಬುಡವನ್ನೂ ದಾಟಿ ಹೋದರೆ ಓರೆ ಬದಿಗಳು ಉದ್ದವಾಗುತ್ತವೆ. ನನ್ನೊಳಗೆ ಹೆಚ್ಚದೆ ಉಳಿದದ್ದೇನು?"

"ವಿನಯ" ಎಂದರು ಪಂಡಿತರು. ಅವರನ್ನೂ ಕರೆದೊಯ್ದರು.

ಅಚ್ಚಪ್ಪಯ್ಯ ಎರಡನ್ನೂ ದಾಟಿದರು. ಮೂರನೆಯದು: "ಮುಕ್ಕೋನದ ಹೊಲಕ್ಕೆ ಮೂರು ಬೇಲಿ. ಬೇಲಿಯಿಲ್ಲದ ನಾಲ್ಕನೆಯ ಗೆರೆಯೊಂದಿದೆ, ಅದಿಲ್ಲದೆ ಅಳತೆಯಿಲ್ಲ. ಯಾವುದದು?"

"ಕಾಲುದಾರಿ, ಮಹಾಪ್ರಭು."

ಕಾವಲಿನವರು ಹಿಡಿದಾಗ ಅಚ್ಚಪ್ಪಯ್ಯ, "ಸಿಂಗಾ, ಹಗ್ಗ ಒದ್ದೆಯಾಗದ ಹಾಗೆ ನೋಡಿಕೋ" ಎಂದರು. ಸಿಂಗಣ್ಣನಿಗೆ ಸುಮ್ಮನಿರಲಾಗಲಿಲ್ಲ.

"ನಾನು ಹೇಳುತ್ತೇನೆ ಬುದ್ಧಿ. ಮೊದಲನೆಯದು ಅರ್ಧ. ಎರಡನೆಯದು ಒಳಗಿನ ಜಾಗ. ಬುಡ, ಎತ್ತರ ಬದಲಾಗದಿದ್ದರೆ ಅದೂ ಬದಲಾಗದು. ಮೂರನೆಯದು ಆ ಎತ್ತರವೇ, ನೆತ್ತಿಯಿಂದ ಬುಡಕ್ಕೆ ನೆಟ್ಟಗೆ ಇಳಿಯುವ ಗೆರೆ. ಪಾತಿಯ ಬುಡ ಹನ್ನೆರಡು ಮಾರು, ಎತ್ತರ ಎಂಟು. ಗುಣಿಸಿ ಅರ್ಧ ಮಾಡಿದರೆ ನಲವತ್ತೆಂಟು. ನಾವು ಎಂಟರ ಬದಲು ಓರೆ ಬದಿಯ ಹತ್ತು ಹಿಡಿದೆವು. ಎಲ್ಲ ಹೊಲಕ್ಕೂ ಹಾಗೇ ಮಾಡಿದೆವು."

"ತಪ್ಪೆಂದು ಎಂದಿನಿಂದ ಗೊತ್ತು?"

"ಏಳು ವರ್ಷದಿಂದ."

"ಯಾಕೋ ಹೇಳಲಿಲ್ಲ?"

"ಯಾರೂ ಕೇಳಲಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ, ಬುದ್ಧಿ."

ದೊರೆ ಕಾವಲಿನವರನ್ನು ಕೈಯೆತ್ತಿ ತಡೆದ. "ಕೊಟ್ಟ ಮಾತು. ಏನು ಬೇಕು?"

"ಆ ಮೂವರ ತಲೆ ಉಳಿಯಲಿ. ಹೊಲಗಳನ್ನು ಮತ್ತೆ ಅಳೆಯಬೇಕು. ನಂಜವ್ವನದು ಮೊದಲು. ಆಕೆಗೆ ನಾನೇ ಹೇಳುತ್ತೇನೆ."

ಮರುದಿನ ಅಳೆದಾಗ ನಂಜವ್ವನ ಹೊಲ ನಾನೂರ ಎಂಬತ್ತು ಚದರ ಮಾರು ಬಂತು. ಕಡಿಮೆ ಬಿದ್ದ ನೂರಿಪ್ಪತ್ತನ್ನು ಅರಮನೆಯ ಜಮೀನಿನಿಂದ ಬಿಡಿಸಿ ಕೊಟ್ಟರು.