ಹೊಳೆಗೆ ಹೆದರಿದ ಇಟ್ಟಿಗೆ

ಹೊಳೆದಂಡೆಯಲ್ಲಿ ಮೊಟ್ಟಮೊದಲ ಪಟ್ಟಣ ಏಳುವಾಗ ಇಟ್ಟಿಗೆಗಳು ಮಾತಾಡುತ್ತಿದ್ದವು. ಸುಳ್ಳು ಎನ್ನುವ ಗಂಡಸಿದ್ದರೆ ನನ್ನೆದುರು ನಿಂತು ಹೇಳಲಿ, ನೋಡೇಬಿಡೋಣ!

ಆಗೆಲ್ಲ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯಲ್ಲೇ ಗೋಡೆ ಕಟ್ಟುತ್ತಿದ್ದರು. ಮಳೆಗಾಲ ಬಂತೆಂದರೆ ಹೊಳೆ ಉಕ್ಕಿ ಊರನ್ನೇ ಕರಗಿಸಿ ಕೊಂಡೊಯ್ಯುತ್ತಿತ್ತು. ಬೇಸತ್ತ ಜನ ಇಟ್ಟಿಗೆ ಸುಡುವ ಗೂಡು ಹೂಡಿದರು. ಮೊದಲ ಗೂಡು ಧಗಧಗ ಉರಿಯುವುದನ್ನು ಕಂಡು, ದಂಡೆಯ ಮೇಲೆ ಸರದಿ ಕಾಯುತ್ತಿದ್ದ ಹಸಿ ಇಟ್ಟಿಗೆಯೊಂದು ಹೊಳೆಯತ್ತ ತಿರುಗಿತು.

"ಹೊಳೆಯವ್ವಾ, ಆ ಬೆಂಕಿಗೆ ನಾನು ಹೋಗಲಾರೆ. ನಿನ್ನ ಕೆಸರಿನಲ್ಲೇ ಹುಟ್ಟಿದ ಮಗ ನಾನು. ನನ್ನೊಬ್ಬನನ್ನು ಮುಟ್ಟುವುದಿಲ್ಲವೆಂದು ಮಾತು ಕೊಡು," ಎಂದು ಅದು ಅಂಗಲಾಚಿತು.

ಹೊಳೆ ಮೆಲ್ಲನೆ ಹೇಳಿತು: "ಹೆತ್ತವಳಾದ್ದರಿಂದಲೇ ಹೇಳುತ್ತೇನೆ, ಮಗನೇ. ಮಳೆಗಾಲದಲ್ಲಿ ನನಗೆ ಮಕ್ಕಳ ಗುರುತು ಸಿಗುವುದಿಲ್ಲ. ನಿನ್ನ ಅಣ್ಣಂದಿರೂ ಹೀಗೇ ಕೇಳಿಕೊಂಡಿದ್ದರು. ಅವರೆಲ್ಲ ಈಗ ನನ್ನ ಹೊಟ್ಟೆಯಲ್ಲಿದ್ದಾರೆ."

ಆ ಮಾತು ಕೇಳಿದ ಮೇಲೆ ಇಟ್ಟಿಗೆಗೆ ಬೆಂಕಿಯೇ ವಾಸಿ ಎನಿಸಿತು. ಕಣ್ಣುಮುಚ್ಚಿ ಗೂಡು ಸೇರಿ, ಬೆಂದು, ಕೆಂಪಗೆ ಹೊರಬಂತು. ತಟ್ಟಿದರೆ ಕಂಚಿನಂತೆ ಠಣ್ಣೆನ್ನುತ್ತಿತ್ತು.

"ಬೆಂಕಿಯನ್ನೇ ಗೆದ್ದವನು ನಾನು! ನನ್ನನ್ನು ಕೋಟೆಯ ನೆತ್ತಿಗಿಡಿ," ಎಂದು ಅದು ಕೂಗಿತು.

ಗೋಡೆ ಕಟ್ಟುವವನು ನಕ್ಕ. "ನೆತ್ತಿಗೆ ಹಸಿಯವರೂ ಸಾಕು ಮಾರಾಯ. ನೀರಿಗೆ ಜಗ್ಗದವನು ನೀನು, ನೀರಿದ್ದಲ್ಲಿಗೇ ನಡಿ."

ಆ ಮಳೆಗಾಲ ಹೊಳೆ ಊರಿಗೆ ನುಗ್ಗಿತು, ಸುಟ್ಟ ಇಟ್ಟಿಗೆಯ ಗೋಡೆಬುಡಗಳನ್ನೆಲ್ಲ ತಡವಿ ನೋಡಿತು, ಬರಿಗೈಯಲ್ಲಿ ಮರಳಿತು. ಪಟ್ಟಣ ನಿಂತಿತು. ಬೆಂಕಿ ಗೆದ್ದ ಆ ಇಟ್ಟಿಗೆಗೆ ಕೊನೆಗೆ ಕೊಟ್ಟದ್ದು ಮಾತ್ರ ಬೀದಿಯ ಚರಂಡಿಯ ತಳದಲ್ಲಿ ಒಂದು ಜಾಗ.